ಪ್ರಭೇದದ ಗಡಿ ದಾಟುವ ಪ್ರಿಯಾನ್: ಕಾಡುಜಿಂಕೆಗಳ ಮಾರಿ ಎಲ್ಲಿಯವರೆಗೆ?

2016ರ ಮಾರ್ಚ್ ತಿಂಗಳು. ನಾರ್ವೆಯ ನೋರ್ಡ್‌ಫಿಯೆಲ್ಲ ಪರ್ವತ ಪ್ರದೇಶದಲ್ಲಿ ಕಾಡು ಹಿಮಸಾರಂಗಗಳ ಕೊರಳಿಗೆ ಜಿಪಿಎಸ್ ಪಟ್ಟಿ ತೊಡಿಸುವ ಕಾರ್ಯದಲ್ಲಿ ತೊಡಗಿದ್ದ ಸಂಶೋಧಕರ ಕಣ್ಣಿಗೆ ಅಸ್ವಸ್ಥ ಹೆಣ್ಣು ಸಾರಂಗವೊಂದು ಬಿತ್ತು. ಸ್ವಲ್ಪ ಹೊತ್ತಿನಲ್ಲೇ ಅದು ಅಸುನೀಗಿತು. ಪ್ರಯೋಗಾಲಯದಲ್ಲಿ ಅದರ ಮಿದುಳನ್ನು ಪರೀಕ್ಷಿಸಿದಾಗ ಪತ್ತೆಯಾದದ್ದು ‘ಕ್ರಾನಿಕ್ ವೇಸ್ಟಿಂಗ್ ಡಿಸೀಸ್’, ಅಂದರೆ ದೀರ್ಘಕಾಲಿಕ ಕೃಶತಾ ರೋಗ. ಅಲ್ಲಿಯವರೆಗೆ ಉತ್ತರ ಅಮೆರಿಕ ಹಾಗೂ ದಕ್ಷಿಣ ಕೊರಿಯಾಗಳಲ್ಲಷ್ಟೇ ಕಂಡಿದ್ದ ಈ ರೋಗ ಯೂರೋಪಿನಲ್ಲಿ ದೃಢಪಟ್ಟದ್ದು ಅದೇ ಮೊದಲು. ಹಿಮಸಾರಂಗದಲ್ಲಿ ಸಹಜವಾಗಿ ಕಾಣಿಸಿಕೊಂಡದ್ದೂ ಅದೇ ಮೊದಲು.

ಎರಡೇ ವರ್ಷಗಳಲ್ಲಿ ಆ ಪ್ರದೇಶದ ಇಡೀ ಹಿಂಡನ್ನು, ಅಂದರೆ ಎರಡು ಸಾವಿರಕ್ಕೂ ಅಧಿಕ ಸಾರಂಗಗಳನ್ನು, ನಾರ್ವೆ ಸರ್ಕಾರ ಕೊಲ್ಲಿಸಿತು. ಅವುಗಳ ಪೈಕಿ ಸೋಂಕು ದೃಢಪಟ್ಟದ್ದು 19ರಲ್ಲಿ ಮಾತ್ರ. ಇಷ್ಟು ಕಠೋರ ಕ್ರಮಕ್ಕೆ ಸರ್ಕಾರ ಮುಂದಾದದ್ದೇಕೆ? ಪ್ರಿಯಾನ್ ಎಂಬ ವಿಲಕ್ಷಣ ರೋಗಕಾರಕದ ಸ್ವಭಾವವನ್ನು ಅರಿಯದೆ ಈ ಪ್ರಶ್ನೆಗೆ ಉತ್ತರ ದೊರಕದು.

ಜೀವವಿಲ್ಲದ ರೋಗಕಾರಕ

ರೋಗಕ್ಕೆ ಕಾರಣವಾಗುವುದು ಬ್ಯಾಕ್ಟೀರಿಯಾ, ವೈರಸ್, ಶಿಲೀಂಧ್ರ ಅಥವಾ ಪರೋಪಜೀವಿ ಎಂಬುದು ಸಾಮಾನ್ಯ ತಿಳಿವಳಿಕೆ. ಇವೆಲ್ಲವುಗಳಲ್ಲೂ ಡಿಎನ್ಎ ಅಥವಾ ಆರ್‌ಎನ್ಎ ಇರುತ್ತದೆ. ಪ್ರಿಯಾನ್‌ನಲ್ಲಿ ಇವೆರಡೂ ಇಲ್ಲ. ಅದು ಕೇವಲ ಒಂದು ಪ್ರೋಟೀನು. ಸಸ್ತನಿಗಳ ನರಕೋಶಗಳ ಹೊರಮೈಯಲ್ಲಿ ಸಹಜವಾಗಿಯೇ ಇರುವ ಈ ಪ್ರೋಟೀನು ಯಾವುದೋ ಕಾರಣಕ್ಕೆ ತಪ್ಪು ಆಕಾರದಲ್ಲಿ ಮಡಚಿಕೊಂಡಾಗ ರೋಗಕಾರಕವಾಗುತ್ತದೆ. ತಪ್ಪಾಗಿ ಮಡಚಿಕೊಂಡ ಪ್ರೋಟೀನು ಅಚ್ಚಿನಂತೆ ವರ್ತಿಸುತ್ತದೆ. ಪಕ್ಕದ ಆರೋಗ್ಯವಂತ ಪ್ರೋಟೀನನ್ನೂ ತನ್ನದೇ ಆಕಾರಕ್ಕೆ ತಿರುಗಿಸುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಮಿದುಳಿನಲ್ಲಿ ಇವುಗಳ ರಾಶಿ ಬೆಳೆಯುತ್ತದೆ. ನರಕೋಶಗಳು ಸಾಯುತ್ತವೆ. ಮಿದುಳಿನ ಅಂಗಾಂಶ ಸ್ಪಂಜಿನಂತೆ ರಂಧ್ರಮಯವಾಗುತ್ತದೆ. ಲಕ್ಷಣಗಳು ತೋರಿದ ಮೇಲೆ ಬದುಕುಳಿದ ಉದಾಹರಣೆ ಇಲ್ಲ. ಔಷಧವೂ ಇಲ್ಲ, ಲಸಿಕೆಯೂ ಇಲ್ಲ.

ಈ ಕಲ್ಪನೆ ವಿಜ್ಞಾನಲೋಕದಲ್ಲಿ ಸುಲಭವಾಗಿ ಅಂಗೀಕಾರ ಪಡೆಯಲಿಲ್ಲ. ಕುರಿಗಳಿಗೆ ತಗಲುವ ‘ಸ್ಕ್ರೇಪಿ’ ಎಂಬ ಇದೇ ಬಗೆಯ ಕಾಯಿಲೆ ಬ್ರಿಟನ್ನಿನ ರೈತರಿಗೆ 18ನೇ ಶತಮಾನದಿಂದಲೇ ಪರಿಚಿತವಾಗಿತ್ತು. 1959ರಲ್ಲಿ ಅಮೆರಿಕದ ಪಶುವೈದ್ಯ ವಿಜ್ಞಾನಿ ವಿಲಿಯಂ ಹ್ಯಾಡ್ಲೋ ಅವರು ಸ್ಕ್ರೇಪಿಗೂ ಪಪುವಾ ನ್ಯೂಗಿನಿಯ ಫೋರೆ ಜನಾಂಗವನ್ನು ಕಾಡುತ್ತಿದ್ದ ‘ಕುರು’ ಎಂಬ ಮಾರಕ ವ್ಯಾಧಿಗೂ ಇರುವ ಸಾಮ್ಯವನ್ನು ‘ಲ್ಯಾನ್ಸೆಟ್’ ಪತ್ರಿಕೆಗೆ ಬರೆದ ಪತ್ರದಲ್ಲಿ ಎತ್ತಿ ತೋರಿಸಿದರು. ಮೃತ ಬಂಧುಗಳ ದೇಹವನ್ನು ಭಕ್ಷಿಸುವ ಅಂತ್ಯಸಂಸ್ಕಾರ ಪದ್ಧತಿಯಿಂದ ಕುರು ಹರಡುತ್ತಿತ್ತು. ಕಾರ್ಲ್‌ಟನ್ ಗಜ್ಡುಸೆಕ್ ಮತ್ತು ಸಂಗಡಿಗರು 1966ರಲ್ಲಿ ಕುರು ರೋಗವನ್ನು ಚಿಂಪಾಂಜಿಗಳಿಗೆ ದಾಟಿಸಿ ಅದು ಸೋಂಕು ರೋಗವೆಂದು ಸಾಬೀತುಪಡಿಸಿದರು. ಅವರಿಗೆ 1976ರಲ್ಲಿ ನೊಬೆಲ್ ಪುರಸ್ಕಾರ ಸಂದಿತು. ರೋಗಕಾರಕವು ಪ್ರೋಟೀನೇ ಎಂಬ ವಾದವನ್ನು ಮುಂದಿಟ್ಟು 1982ರಲ್ಲಿ ಅದಕ್ಕೆ ‘ಪ್ರಿಯಾನ್’ ಎಂದು ಹೆಸರಿಟ್ಟವರು ಸ್ಟ್ಯಾನ್ಲಿ ಪ್ರುಸಿನರ್. ಸಹವಿಜ್ಞಾನಿಗಳ ತೀವ್ರ ಟೀಕೆ ಎದುರಿಸಿದ ಅವರಿಗೂ 1997ರಲ್ಲಿ ನೊಬೆಲ್ ಒಲಿಯಿತು.

ಪ್ರಭೇದದ ಗಡಿ ಎಂದರೇನು?

ಹಸುವಿನ ಪ್ರಿಯಾನ್ ಪ್ರೋಟೀನಿಗೂ ಜಿಂಕೆಯ ಅಥವಾ ಮನುಷ್ಯನ ಪ್ರೋಟೀನಿಗೂ ಅಲ್ಪಸ್ವಲ್ಪ ವ್ಯತ್ಯಾಸವಿದೆ. ಅಮೈನೋ ಆಮ್ಲಗಳ ಜೋಡಣೆಯಲ್ಲಿ ಕೆಲವೇ ಸ್ಥಾನಗಳು ಬೇರೆಯಾಗಿದ್ದರೂ ಒಂದರ ಅಚ್ಚಿಗೆ ಇನ್ನೊಂದು ಸುಲಭವಾಗಿ ಹೊಂದಿಕೊಳ್ಳುವುದಿಲ್ಲ. ಒಂದು ಬೀಗದ ಕೀಲಿ ಮತ್ತೊಂದು ಬೀಗದಲ್ಲಿ ತಿರುಗದಂತೆ ಇದು. ಈ ತಡೆಯನ್ನೇ ವಿಜ್ಞಾನಿಗಳು ಪ್ರಭೇದದ ಗಡಿ ಎನ್ನುತ್ತಾರೆ.

ಆದರೆ ಇದು ಅಭೇದ್ಯ ಕೋಟೆಯಲ್ಲ ಎಂಬುದನ್ನು ಗಮನಿಸಬೇಕು. ಒಂದೇ ಪ್ರೋಟೀನು ಹಲವು ಬಗೆಯ ತಪ್ಪು ಮಡಿಕೆಗಳನ್ನು ತಾಳಬಲ್ಲದು. ಈ ಬಗೆಗಳಿಗೆ ‘ತಳಿ’ ಎಂದು ಹೆಸರು. ಒಂದು ತಳಿಗೆ ದುರ್ಗಮವಾದ ಗಡಿ ಮತ್ತೊಂದು ತಳಿಗೆ ಸುಗಮವಾಗಬಹುದು. ಹೊಸ ಪ್ರಭೇದದೊಳಗೆ ಪ್ರಿಯಾನ್ ಪ್ರವೇಶಿಸಿದಾಗ ಮೊದಲ ಸುತ್ತಿನಲ್ಲಿ ರೋಗ ಬಲು ನಿಧಾನ; ಕೆಲವೇ ಪ್ರಾಣಿಗಳಲ್ಲಿ ಅದು ಕಾಣಿಸಿಕೊಳ್ಳಬಹುದು. ಆದರೆ ಆ ಪ್ರಭೇದದ ಒಂದು ಪ್ರಾಣಿಯಿಂದ ಮತ್ತೊಂದಕ್ಕೆ ದಾಟುತ್ತಾ ಹೋದಂತೆ ಪ್ರಿಯಾನ್ ಹೊಸ ಅಚ್ಚಿಗೆ ಒಗ್ಗಿಕೊಳ್ಳುತ್ತದೆ. ಆಗ ಅದು ಮೊದಲು ದಾಟಲಾಗದ ಮೂರನೆಯ ಪ್ರಭೇದಕ್ಕೂ ದಾಟುವ ಸಾಮರ್ಥ್ಯ ಪಡೆಯಬಹುದು. 1998ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಇದು ಸ್ಪಷ್ಟವಾಯಿತು. ಜಿಂಕೆಯ ಪ್ರಿಯಾನ್ ಅನ್ನು ಫೆರೆಟ್ ಎಂಬ ಸಣ್ಣ ಮಾಂಸಾಹಾರಿ ಪ್ರಾಣಿಗಳಲ್ಲಿ ಒಗ್ಗಿಸಿದ ಬಳಿಕ ಅದು ಹ್ಯಾಮ್‌ಸ್ಟರ್‌ಗಳಿಗೂ ಹರಡಿತು. ನಡುವಿನ ಪ್ರಾಣಿಯೊಂದು ಸೇತುವೆಯಾಗಬಲ್ಲದು ಎಂಬುದು ಇದರ ಸಾರ.

ಎಲ್ಲ ಪ್ರಾಣಿಗಳಲ್ಲೂ ಈ ಗಡಿ ಒಂದೇ ಎತ್ತರದಲ್ಲಿಲ್ಲ. ನಾಯಿ, ಮೊಲ, ಕುದುರೆಗಳು ಪ್ರಿಯಾನ್‌ಗೆ ಬಹುಮಟ್ಟಿಗೆ ಪ್ರತಿರೋಧ ತೋರುತ್ತವೆ. ಇದಕ್ಕೆ ತದ್ವಿರುದ್ಧವಾಗಿ ಯೂರೋಪಿನ ಕಾಡುಗಳಲ್ಲಿ ಸಾಮಾನ್ಯವಾಗಿರುವ ಬ್ಯಾಂಕ್ ವೋಲ್ ಎಂಬ ಪುಟ್ಟ ಇಲಿಜಾತಿಯ ಪ್ರಾಣಿ ಹಲವು ಪ್ರಭೇದಗಳ ಪ್ರಿಯಾನ್‌ಗಳಿಗೆ ಸುಲಭವಾಗಿ ತುತ್ತಾಗುತ್ತದೆ. ಆ ಕಾರಣದಿಂದಲೇ ಅದು ಪ್ರಯೋಗಾಲಯಗಳಲ್ಲಿ ಸ್ಥಾನ ಪಡೆದಿದೆ.

ಬ್ರಿಟನ್ನಿನ ಮೃಗಾಲಯಗಳು ನೀಡಿದ ಮುನ್ಸೂಚನೆ

ಗಡಿ ದಾಟುವಿಕೆ ಕೇವಲ ಪ್ರಯೋಗಾಲಯದ ಸಂಗತಿಯಲ್ಲ ಎಂಬುದು ಬ್ರಿಟನ್ನಿನ ‘ಹುಚ್ಚು ಹಸು’ ರೋಗದಿಂದ ಜಗತ್ತಿಗೆ ಮನವರಿಕೆಯಾಯಿತು. ಬಿಎಸ್ಇ ಎಂದು ಕರೆಯಲಾಗುವ ಈ ರೋಗವನ್ನು ಅಲ್ಲಿ 1986ರ ನವೆಂಬರ್‌ನಲ್ಲಿ ಗುರುತಿಸಲಾಯಿತು. ಸತ್ತ ಪಶುಗಳ ಮಾಂಸ ಮತ್ತು ಮೂಳೆಯ ಪುಡಿಯನ್ನು ಹುಲ್ಲು ತಿನ್ನುವ ಹಸುಗಳಿಗೆ ಪೌಷ್ಟಿಕ ಆಹಾರವಾಗಿ ಉಣಿಸಿದ್ದೇ ಇದರ ಪ್ರಸಾರಕ್ಕೆ ಕಾರಣ. 1988ರ ಜುಲೈನಲ್ಲಿ ಈ ಆಹಾರವನ್ನು ನಿಷೇಧಿಸಲಾಯಿತು. ಅಷ್ಟರಲ್ಲಿ ಕಾಲ ಮಿಂಚಿತ್ತು. ಮುಂದಿನ ವರ್ಷಗಳಲ್ಲಿ ಆ ದೇಶದಲ್ಲಿ 1,80,000ಕ್ಕೂ ಹೆಚ್ಚು ಹಸುಗಳಲ್ಲಿ ರೋಗ ದೃಢಪಟ್ಟಿತು.

ಜನರಿಗೆ ಅಪಾಯವಿದೆಯೇ ಎಂಬ ಪ್ರಶ್ನೆ ಆಗಲೇ ಎದ್ದಿತ್ತು. ಸರ್ಕಾರ ನೇಮಿಸಿದ ಸೌತ್‌ವುಡ್ ಸಮಿತಿ 1989ರ ವರದಿಯಲ್ಲಿ ಅಂತಹ ಸಾಧ್ಯತೆ ತೀರಾ ಕಡಿಮೆ ಎಂದಿತು. ಕುರಿಗಳ ಸ್ಕ್ರೇಪಿ ಇನ್ನೂರಕ್ಕೂ ಹೆಚ್ಚು ವರ್ಷಗಳಿಂದ ಇದ್ದರೂ ಮನುಷ್ಯರಿಗೆ ತಗಲಿದ ನಿದರ್ಶನವಿಲ್ಲ. ಹಸುವಿನದೂ ಹಾಗೆಯೇ ಇರಬಹುದು ಎಂಬುದು ಅಂದಿನ ತರ್ಕವಾಗಿತ್ತು. 1990ರಲ್ಲಿ ಕೃಷಿ ಸಚಿವ ಜಾನ್ ಗಮ್ಮರ್ ಅವರು ದೂರದರ್ಶನ ಕ್ಯಾಮೆರಾಗಳ ಮುಂದೆ ತಮ್ಮ ಪುಟ್ಟ ಮಗಳಿಗೆ ಗೋಮಾಂಸದ ಬರ್ಗರ್ ನೀಡಿ ಜನರಿಗೆ ಧೈರ್ಯ ತುಂಬಲು ಯತ್ನಿಸಿದರು.

ಆದರೆ ಅದೇ ಹೊತ್ತಿಗೆ ಬೇರೆ ಪ್ರಾಣಿಗಳು ಬೇರೆಯೇ ಕಥೆ ಹೇಳುತ್ತಿದ್ದವು. ಹಸುಗಳಲ್ಲಿ ರೋಗ ಗುರುತಿಸಿದ ಆಸುಪಾಸಿನಲ್ಲೇ ಮೃಗಾಲಯವೊಂದರಲ್ಲಿ ಆಫ್ರಿಕಾದ ನ್ಯಾಲಾ ಎಂಬ ಹುಲ್ಲೆ ಇದೇ ಲಕ್ಷಣಗಳಿಂದ ಸತ್ತಿತ್ತು. ನಂತರ ಕುಡು, ಜೆಮ್ಸ್‌ಬಾಕ್, ಈಲ್ಯಾಂಡ್, ಅರೇಬಿಯನ್ ಓರಿಕ್ಸ್ ಮುಂತಾದ ಹುಲ್ಲೆಗಳ ಸರದಿ ಬಂತು. ಇವೆಲ್ಲ ಹಸುವಿನ ಕುಟುಂಬಕ್ಕೆ ಸೇರಿದವು ಎಂದು ಸಮಾಧಾನಪಟ್ಟುಕೊಳ್ಳಬಹುದಿತ್ತು. ಆದರೆ 1990ರಲ್ಲಿ ಬ್ರಿಸ್ಟಲ್‌ನ ಸಾಕುಬೆಕ್ಕೊಂದು ಸ್ಪಂಜಿನಂತಾದ ಮಿದುಳಿನೊಡನೆ ಸತ್ತಿತು. ಆ ಬಳಿಕ ಚೀತಾ, ಪ್ಯೂಮಾ, ಆಸೆಲಾಟ್, ಹುಲಿ, ಸಿಂಹಗಳಲ್ಲೂ ರೋಗ ಪತ್ತೆಯಾಯಿತು. ಬ್ರಿಟನ್ನಿನಲ್ಲಿ ಹುಟ್ಟಿ ಆಸ್ಟ್ರೇಲಿಯಾ ಮತ್ತು ಫ್ರಾನ್ಸ್ ದೇಶಗಳಿಗೆ ಸಾಗಿಸಲ್ಪಟ್ಟಿದ್ದ ಚೀತಾಗಳೂ ಈ ಪಟ್ಟಿಯಲ್ಲಿದ್ದವು. ಮೃಗಾಲಯದ ಮಾರ್ಜಾಲಗಳಿಗೆ ಹಸುವಿನ ಹಸಿ ಮಾಂಸವನ್ನು, ಅದರಲ್ಲೂ ಬೆನ್ನುಮೂಳೆ ಸಹಿತವಾದ ತುಂಡುಗಳನ್ನು, ನೀಡಿದ್ದು ಇದಕ್ಕೆ ಕಾರಣವೆಂದು ಭಾವಿಸಲಾಗಿದೆ.

ಹುಲ್ಲು ತಿನ್ನುವ ಪ್ರಾಣಿಯಿಂದ ಮಾಂಸ ತಿನ್ನುವ ಪ್ರಾಣಿಗೆ ರೋಗ ದಾಟಿತ್ತು. ಆರು ವರ್ಷಗಳ ಬಳಿಕ, 1996ರ ಮಾರ್ಚ್ 20ರಂದು, ಮನುಷ್ಯರಲ್ಲಿ ಕಾಣಿಸಿಕೊಂಡ ಹೊಸ ಬಗೆಯ ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ರೋಗಕ್ಕೆ ಬಿಎಸ್ಇ ಕಾರಣವಿರಬಹುದೆಂದು ಬ್ರಿಟನ್ನಿನ ಆರೋಗ್ಯ ಸಚಿವರು ಸಂಸತ್ತಿನಲ್ಲಿ ಒಪ್ಪಿಕೊಂಡರು. ಸಂಕ್ಷೇಪವಾಗಿ ಸಿಜೆಡಿ ಎಂದು ಕರೆಯಲಾಗುವ ಈ ಕಾಯಿಲೆಯ ಹೊಸ ಬಗೆಗೆ ಆ ಒಂದೇ ದೇಶದಲ್ಲಿ 178 ಮಂದಿ ಬಲಿಯಾದರು. ಅವರಲ್ಲಿ ಬಹುತೇಕರು ತರುಣ ವಯಸ್ಸಿನವರು. ಸ್ಕ್ರೇಪಿಯ ನಿರಪಾಯಕಾರಿ ಇತಿಹಾಸ ಹಸುವಿನ ತಳಿಗೆ ಅನ್ವಯವಾಗಲಿಲ್ಲ.

ಮಿಂಕ್, ಮೇಕೆ, ಒಂಟೆ

ಗಡಿ ದಾಟಿದ ಇನ್ನೂ ಕೆಲವು ಪ್ರಕರಣಗಳು ದಾಖಲಾಗಿವೆ. ತುಪ್ಪಳಕ್ಕಾಗಿ ಸಾಕುವ ಮಿಂಕ್ ಎಂಬ ಪ್ರಾಣಿಗಳಲ್ಲಿ ಪ್ರಿಯಾನ್ ಕಾಯಿಲೆ 1947ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಮೊದಲು ಕಂಡಿತ್ತು. 1985ರಲ್ಲಿ ಅದೇ ರಾಜ್ಯದ ಸ್ಟೆಟ್ಸನ್‌ವಿಲ್‌ನ ಸಾಕಣೆ ಕೇಂದ್ರವೊಂದರಲ್ಲಿ ಅದು ಮರುಕಳಿಸಿತು. ಅಲ್ಲಿನ ಮಿಂಕ್‌ಗಳಿಗೆ ಕುರಿಮಾಂಸ ನೀಡಿರಲಿಲ್ಲ. ನೀಡುತ್ತಿದ್ದುದು ಮುಖ್ಯವಾಗಿ ಮೇಲೇಳಲಾಗದೆ ಬಿದ್ದುಹೋದ ಹಸುಗಳ ಮಾಂಸ. ಹಸುಗಳಲ್ಲೇ ಯಾವುದೋ ಅಪರಿಚಿತ ಪ್ರಿಯಾನ್ ಇದ್ದಿರಬೇಕು ಎಂದು ಸಂಶೋಧಕ ರಿಚರ್ಡ್ ಮಾರ್ಷ್ ಶಂಕಿಸಿದ್ದರು.

2005ರಲ್ಲಿ ಫ್ರಾನ್ಸ್‌ನ ಮೇಕೆಯೊಂದರಲ್ಲಿ ಬಿಎಸ್ಇ ದೃಢಪಟ್ಟಿತು. 2018ರಲ್ಲಿ ಅಲ್ಜೀರಿಯಾದ ಊರ್ಗ್ಲಾ ಪಟ್ಟಣದ ಕಸಾಯಿಖಾನೆಗೆ ಬಂದ ಡ್ರಾಮಿಡರಿ ಒಂಟೆಗಳಲ್ಲಿ ಹೊಸ ಪ್ರಿಯಾನ್ ರೋಗ ವರದಿಯಾಯಿತು. ಮರುವರ್ಷ ನೆರೆಯ ಟ್ಯುನೀಶಿಯಾದಲ್ಲೂ ಅದು ಪತ್ತೆಯಾಯಿತು. ಒಂಟೆಗಳಿಗೆ ಇದು ಎಲ್ಲಿಂದ ಬಂತೆಂಬುದು ಇತ್ಯರ್ಥವಾಗಿಲ್ಲ.

ಕೊಲರಾಡೋದಿಂದ ಕಾಡಿಗೆ

ಮೇಲಿನ ಪ್ರಕರಣಗಳೆಲ್ಲ ಮನುಷ್ಯ ಸಾಕಿದ ಅಥವಾ ಕೂಡಿಹಾಕಿದ ಪ್ರಾಣಿಗಳವು. ಆಹಾರ ಬದಲಿಸಿದರೆ, ಹಿಂಡನ್ನು ಪ್ರತ್ಯೇಕಿಸಿದರೆ ನಿಯಂತ್ರಣ ಸಾಧ್ಯ. ಸ್ವಚ್ಛಂದವಾಗಿ ಅಲೆಯುವ ವನ್ಯಜೀವಿಗಳಲ್ಲಿ ಹರಡುತ್ತಿರುವ ಪ್ರಿಯಾನ್ ರೋಗವೆಂದರೆ ಸಿಡಬ್ಲ್ಯುಡಿ ಎಂದು ಸಂಕ್ಷೇಪವಾಗಿ ಕರೆಯಲಾಗುವ ಕೃಶತಾ ರೋಗ.

ಅಮೆರಿಕದ ಕೊಲರಾಡೋ ರಾಜ್ಯದ ಫೋರ್ಟ್ ಕಾಲಿನ್ಸ್‌ನ ವನ್ಯಜೀವಿ ಸಂಶೋಧನಾ ಕೇಂದ್ರದಲ್ಲಿ ಕೂಡಿಹಾಕಿದ್ದ ಮ್ಯೂಲ್ ಡೀರ್ ಜಿಂಕೆಗಳು ಸೊರಗಿ ಸಾಯುತ್ತಿರುವುದನ್ನು 1967ರಲ್ಲಿ ಮೊದಲು ಗಮನಿಸಲಾಯಿತು. ಪೌಷ್ಟಿಕತೆಯ ಕೊರತೆ ಇರಬೇಕೆಂದು ಊಹಿಸಲಾಗಿತ್ತು. 1970ರ ದಶಕದ ಕೊನೆಯಲ್ಲಿ ಎಲಿಜಬೆತ್ ವಿಲಿಯಮ್ಸ್ ಎಂಬ ಯುವ ಪಶುವೈದ್ಯೆ ಸತ್ತ ಜಿಂಕೆಗಳ ಮಿದುಳನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ ಸ್ಕ್ರೇಪಿಯನ್ನು ಹೋಲುವ ರಂಧ್ರಗಳು ಕಂಡವು. 1980ರಲ್ಲಿ ಅವರು ಸ್ಟುವರ್ಟ್ ಯಂಗ್ ಅವರೊಡನೆ ಈ ಶೋಧವನ್ನು ಪ್ರಕಟಿಸಿದರು. 1981ರಲ್ಲಿ ಕೊಲರಾಡೋದ ಕಾಡು ಎಲ್ಕ್ ಒಂದರಲ್ಲಿ ರೋಗ ಪತ್ತೆಯಾಯಿತು. ಈ ರೋಗ ಕುರಿಯ ಸ್ಕ್ರೇಪಿಯಿಂದ ಬಂದಿತೋ, ಜಿಂಕೆಗಳಲ್ಲೇ ಸ್ವಯಂ ಉದ್ಭವಿಸಿತೋ ಎಂಬ ಪ್ರಶ್ನೆಗೆ ಖಚಿತ ಉತ್ತರ ದೊರೆತಿಲ್ಲ.

ಸೋಂಕು ತಗಲಿದ ಜಿಂಕೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಆರೋಗ್ಯವಾಗಿಯೇ ಕಾಣುತ್ತದೆ. ನಂತರ ತೂಕ ಇಳಿಯುತ್ತದೆ, ಕಿವಿಗಳು ಜೋತುಬೀಳುತ್ತವೆ, ಬಾಯಿಂದ ಜೊಲ್ಲು ಸುರಿಯುತ್ತದೆ, ಮಿತಿಮೀರಿ ನೀರು ಕುಡಿಯುತ್ತದೆ, ಮನುಷ್ಯರ ಭಯ ಮಾಯವಾಗುತ್ತದೆ. ಪಾಶ್ಚಾತ್ಯ ಮಾಧ್ಯಮಗಳು ಇದಕ್ಕೆ ‘ಜೊಂಬಿ ಜಿಂಕೆ ರೋಗ’ ಎಂಬ ಅಡ್ಡಹೆಸರಿಟ್ಟಿವೆ. ವಿಜ್ಞಾನಿಗಳಿಗೆ ಈ ಹೆಸರು ಹಿಡಿಸಿಲ್ಲ. ಏಕೆಂದರೆ ರೋಗ ಹರಡುವುದರಲ್ಲಿ ಲಕ್ಷಣಗಳಿಲ್ಲದ, ನೋಡಲು ಸದೃಢವಾದ ಜಿಂಕೆಗಳ ಪಾತ್ರವೂ ದೊಡ್ಡದು.

1996ರಲ್ಲಿ ಕೆನಡಾದ ಸಸ್ಕಾಚೆವಾನ್‌ನ ಎಲ್ಕ್ ಸಾಕಣೆ ಕೇಂದ್ರದಲ್ಲಿ, 2001ರಲ್ಲಿ ಕೆನಡಾದಿಂದ ಎಲ್ಕ್‌ಗಳನ್ನು ಆಮದು ಮಾಡಿಕೊಂಡಿದ್ದ ದಕ್ಷಿಣ ಕೊರಿಯಾದಲ್ಲಿ, 2002ರಲ್ಲಿ ವಿಸ್ಕಾನ್ಸಿನ್‌ನ ಬಿಳಿಬಾಲದ ಜಿಂಕೆಗಳಲ್ಲಿ ರೋಗ ಕಾಣಿಸಿಕೊಂಡಿತು. ಜೀವಂತ ಪ್ರಾಣಿಗಳ ವ್ಯಾಪಾರವೇ ದೂರದ ಜಿಗಿತಗಳಿಗೆ ಮುಖ್ಯ ದಾರಿಯಾಯಿತು. ಇಂದು ಅಮೆರಿಕದ 30ಕ್ಕೂ ಹೆಚ್ಚು ರಾಜ್ಯಗಳಲ್ಲಿ ಹಾಗೂ ಕೆನಡಾದ ಹಲವು ಪ್ರಾಂತ್ಯಗಳಲ್ಲಿ ಇದು ದೃಢಪಟ್ಟಿದೆ. ವಯೋಮಿಂಗ್ ರಾಜ್ಯದ ಒಂದು ಪ್ರದೇಶದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ರೋಗದಿಂದಾಗಿ ಅಲ್ಲಿನ ಬಿಳಿಬಾಲದ ಜಿಂಕೆಗಳ ಸಂಖ್ಯೆ ವರ್ಷಕ್ಕೆ ಶೇ 10ರಷ್ಟು ಕುಸಿಯುತ್ತಿತ್ತು.

ಮಣ್ಣು ಮರೆಯುವುದಿಲ್ಲ

ಹುಚ್ಚು ಹಸು ರೋಗದಲ್ಲಿ ಪ್ರಿಯಾನ್ ಬಹುಪಾಲು ಮಿದುಳು ಮತ್ತು ಬೆನ್ನುಹುರಿಗೆ ಸೀಮಿತವಾಗಿರುತ್ತದೆ. ಜಿಂಕೆಗಳ ರೋಗದಲ್ಲಿ ಹಾಗಲ್ಲ. ಜೊಲ್ಲು, ಮೂತ್ರ, ಲದ್ದಿ, ರಕ್ತ, ಕೊಂಬಿನ ಮೇಲಿನ ಮೃದುಚರ್ಮ, ಸ್ನಾಯು ಎಲ್ಲದರಲ್ಲೂ ಅದು ಇರುತ್ತದೆ. ಜಿಂಕೆಯಿಂದ ಜಿಂಕೆಗೆ ಇದು ಸರಾಗವಾಗಿ ಹರಡಲು ಇದೇ ಕಾರಣ.

ಪ್ರಿಯಾನ್ ಸಾಮಾನ್ಯ ಅಡುಗೆಯ ಶಾಖಕ್ಕೆ, ಫಾರ್ಮಾಲಿನ್‌ಗೆ, ನೇರಳಾತೀತ ಕಿರಣಗಳಿಗೆ ಬಗ್ಗುವುದಿಲ್ಲ. ಕೊಲರಾಡೋದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸೋಂಕಿತ ಜಿಂಕೆಗಳನ್ನು ತೆರವುಗೊಳಿಸಿ ಎರಡು ವರ್ಷಕ್ಕೂ ಹೆಚ್ಚು ಕಾಲ ಖಾಲಿಬಿಟ್ಟಿದ್ದ ಆವರಣಕ್ಕೆ ಆರೋಗ್ಯವಂತ ಜಿಂಕೆಗಳನ್ನು ಬಿಟ್ಟಾಗ ಅವುಗಳಿಗೂ ರೋಗ ತಗಲಿತು. ಐಸ್‌ಲ್ಯಾಂಡಿನಲ್ಲಿ ಸ್ಕ್ರೇಪಿ ಪ್ರಿಯಾನ್ ಕುರಿದೊಡ್ಡಿಯೊಂದರಲ್ಲಿ ಕನಿಷ್ಠ 16 ವರ್ಷ ಉಳಿದಿತ್ತೆಂದು ಅಲ್ಲಿನ ವಿಜ್ಞಾನಿಗಳು ವರದಿ ಮಾಡಿದ್ದಾರೆ. ಜೇಡಿಮಣ್ಣಿನ ಕಣಗಳಿಗೆ ಪ್ರಿಯಾನ್ ಬಲವಾಗಿ ಅಂಟಿಕೊಳ್ಳುತ್ತದೆ. ಹುಲ್ಲಿನ ಬೇರು ಮತ್ತು ಎಲೆಗಳು ಅದನ್ನು ಹಿಡಿದಿಟ್ಟುಕೊಳ್ಳಬಲ್ಲವು ಎಂದು 2015ರ ಅಧ್ಯಯನವೊಂದು ತೋರಿಸಿತು.

ಹೀಗಾಗಿ ಸೋಂಕಿನ ನೆಲದಲ್ಲಿ ಮೇಯುವ ಯಾವುದೇ ಪ್ರಾಣಿ, ಸತ್ತ ಜಿಂಕೆಯನ್ನು ತಿನ್ನುವ ಯಾವುದೇ ಪ್ರಾಣಿ ಪ್ರಿಯಾನ್‌ನ ಸಂಪರ್ಕಕ್ಕೆ ಬರುತ್ತದೆ. ಪ್ಯೂಮಾಗಳು ಆರೋಗ್ಯವಂತ ಜಿಂಕೆಗಳಿಗಿಂತ ಸೋಂಕಿತ ಜಿಂಕೆಗಳನ್ನೇ ಹೆಚ್ಚಾಗಿ ಬೇಟೆಯಾಡುತ್ತವೆಂದು ಕೊಲರಾಡೋದ ಅಧ್ಯಯನದಿಂದ ತಿಳಿದುಬಂದಿದೆ. ಸೊರಗಿದ ಜಿಂಕೆ ಸುಲಭ ತುತ್ತಾಗುವುದು ಸಹಜವೇ. ಕಾಗೆಗಳ ಹಾಗೂ ಕಯೋಟಿ ಎಂಬ ತೋಳಸಂಬಂಧಿಗಳ ಜೀರ್ಣಾಂಗವನ್ನು ಹಾದುಬಂದ ಪ್ರಿಯಾನ್ ಹಿಕ್ಕೆಯಲ್ಲೂ ಸೋಂಕುಕಾರಕವಾಗಿ ಉಳಿಯಬಲ್ಲದು ಎಂಬುದು ಪ್ರಯೋಗಗಳಿಂದ ದೃಢಪಟ್ಟಿದೆ. ಆ ಪ್ರಾಣಿಗಳಿಗೆ ರೋಗ ಬಾರದಿದ್ದರೂ ಅವು ಪ್ರಿಯಾನ್‌ನ ವಾಹಕಗಳಾಗಬಲ್ಲವು.

ಜಿಂಕೆಯ ಆಚೆಗೆ ದಾಟಿದೆಯೇ?

ಜಿಂಕೆಯ ಕುಟುಂಬದೊಳಗೆ ಈ ರೋಗಕ್ಕೆ ಗಡಿಯೇ ಇಲ್ಲವೆನ್ನಬಹುದು. ಮ್ಯೂಲ್ ಡೀರ್, ಬಿಳಿಬಾಲದ ಜಿಂಕೆ, ಎಲ್ಕ್, ಮೂಸ್, ಕೆಂಪು ಜಿಂಕೆ, ಹಿಮಸಾರಂಗಗಳಲ್ಲಿ ಅದು ಸಹಜವಾಗಿ ಕಾಣಿಸಿಕೊಂಡಿದೆ. ನಮ್ಮ ಕಾಡುಕುರಿಯ ಹತ್ತಿರದ ಸಂಬಂಧಿಯಾದ ರೀವ್ಸ್ ಮಂಟ್ಜ್ಯಾಕ್‌ಗೆ ಪ್ರಯೋಗಾಲಯದಲ್ಲಿ ರೋಗ ತಗಲಿದೆ. ತಾಯಿಯಿಂದ ಮರಿಗೂ ಅದು ದಾಟಿದೆ.

ಜಿಂಕೆಯ ಕುಟುಂಬದಾಚೆ ನಿಸರ್ಗದಲ್ಲಿ ಈ ರೋಗದಿಂದ ಬಳಲಿದ ಪ್ರಾಣಿ ಈವರೆಗೆ ದೃಢಪಟ್ಟಿಲ್ಲ. ಆದರೆ ಪ್ರಯೋಗಾಲಯದ ಚಿತ್ರ ಸಂಕೀರ್ಣವಾಗಿದೆ. ಸೋಂಕಿನ ಅಂಶವನ್ನು ನೇರವಾಗಿ ಮಿದುಳಿಗೆ ಚುಚ್ಚಿದಾಗ ಕೆಲವು ಹಸುಗಳಿಗೆ ರೋಗ ಬಂದಿದೆ. ಸೋಂಕಿತ ಜಿಂಕೆಗಳೊಡನೆ ಮೇಯಲು ಬಿಟ್ಟ ಹಸುಗಳಿಗೆ ಬಂದಿಲ್ಲ. ಬೆಕ್ಕು, ಫೆರೆಟ್, ಉತ್ತರ ಅಮೆರಿಕದ ಹುಲ್ಲುಗಾವಲಿನ ವೋಲ್‌ಗಳು ಪ್ರಯೋಗದಲ್ಲಿ ಸೋಂಕಿಗೆ ತುತ್ತಾಗಿವೆ. ಅಂದರೆ ಗಡಿ ಇದೆ, ಆದರೆ ಅದರಲ್ಲಿ ಬಿರುಕುಗಳೂ ಇವೆ. ಪುಟ್ಟ ದಂಶಕಗಳು ಸತ್ತ ಜಿಂಕೆಯ ಮಾಂಸವನ್ನು ಕಚ್ಚುತ್ತವೆ. ಅವುಗಳನ್ನು ಬೆಕ್ಕು, ನರಿ, ಕಯೋಟಿಗಳು ತಿನ್ನುತ್ತವೆ. ಈ ಸರಪಣಿಯಲ್ಲಿ ಯಾವುದಾದರೊಂದು ಪ್ರಾಣಿ ಫೆರೆಟ್‌ನಂತೆ ಸೇತುವೆಯಾದೀತೇ ಎಂಬುದೇ ಸಂಶೋಧಕರ ಆತಂಕ.

ಮನುಷ್ಯನ ಮಾತೇನು?

ಜಿಂಕೆಯ ಈ ರೋಗ ಮನುಷ್ಯನಿಗೆ ತಗಲಿದ ಒಂದೇ ಒಂದು ಪ್ರಕರಣವೂ ದೃಢಪಟ್ಟಿಲ್ಲ ಎಂಬುದನ್ನು ಒತ್ತಿ ಹೇಳಬೇಕು. 2005ರಲ್ಲಿ ನ್ಯೂಯಾರ್ಕ್ ರಾಜ್ಯದ ಒನೈಡಾ ಕೌಂಟಿಯ ಸಾರ್ವಜನಿಕ ಭೋಜನಕೂಟವೊಂದರಲ್ಲಿ ಬಡಿಸಿದ ಜಿಂಕೆ ಮಾಂಸ ಸೋಂಕಿತ ಪ್ರಾಣಿಯದೆಂದು ಆನಂತರ ಗೊತ್ತಾಯಿತು. ಉಂಡವರಲ್ಲಿ ಹಲವರ ಆರೋಗ್ಯವನ್ನು ವರ್ಷಗಳ ಕಾಲ ಗಮನಿಸಲಾಯಿತು. ಯಾರಲ್ಲೂ ಪ್ರಿಯಾನ್ ರೋಗ ಕಂಡುಬರಲಿಲ್ಲ.

ಕೋತಿಗಳ ಮೇಲಿನ ಪ್ರಯೋಗಗಳು ಎರಡು ಬಗೆಯ ಉತ್ತರ ನೀಡಿವೆ. ದಕ್ಷಿಣ ಅಮೆರಿಕದ ಅಳಿಲುಕೋತಿಗಳಿಗೆ ಸೋಂಕಿತ ಜಿಂಕೆಯ ಅಂಗಾಂಶವನ್ನು ಚುಚ್ಚಿದಾಗಲೂ ತಿನ್ನಿಸಿದಾಗಲೂ ರೋಗ ಬಂತು. ಮನುಷ್ಯನಿಗೆ ಇನ್ನಷ್ಟು ಹತ್ತಿರವಾದ ಮಕಾಕ್ ಕೋತಿಗಳನ್ನು ಅಮೆರಿಕದ ಪ್ರಯೋಗಾಲಯವೊಂದು 13 ವರ್ಷಗಳವರೆಗೆ ಗಮನಿಸಿತು. ಅವುಗಳಲ್ಲಿ ರೋಗ ಕಾಣಲಿಲ್ಲವೆಂದು 2018ರಲ್ಲಿ ವರದಿ ಮಾಡಿತು. ಇದು ನೆಮ್ಮದಿಯ ಸುದ್ದಿಯೇ. ಆದರೆ ಕುರು ರೋಗದ ಸುಪ್ತಾವಧಿ ಕೆಲವರಲ್ಲಿ 50 ವರ್ಷಗಳನ್ನೂ ಮೀರಿದ್ದುಂಟು. ಇಷ್ಟು ದೀರ್ಘ ಸುಪ್ತಾವಧಿಯ ಕಾಯಿಲೆಯಲ್ಲಿ ‘ಈವರೆಗೆ ಆಗಿಲ್ಲ’ ಎಂಬ ಮಾತಿಗೆ ಇರುವ ತೂಕ ಸೀಮಿತವಾದದ್ದು.

ಈ ಕಾರಣದಿಂದಲೇ ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಬೇಟೆಗಾರರಿಗೆ ಸ್ಪಷ್ಟ ಸೂಚನೆಗಳನ್ನು ನೀಡಿದೆ. ರೋಗವಿರುವ ಪ್ರದೇಶದ ಜಿಂಕೆಯನ್ನು ತಿನ್ನುವ ಮುನ್ನ ಪರೀಕ್ಷೆ ಮಾಡಿಸಬೇಕು; ಸೋಂಕು ಕಂಡರೆ ತಿನ್ನಬಾರದು; ಅಸ್ವಸ್ಥ ಅಥವಾ ಸತ್ತುಬಿದ್ದ ಪ್ರಾಣಿಯನ್ನು ಮುಟ್ಟಬಾರದು; ಕೊಯ್ಯುವಾಗ ಕೈಗವಸು ಧರಿಸಬೇಕು; ಮಿದುಳು ಮತ್ತು ಬೆನ್ನುಹುರಿಯನ್ನು ಆದಷ್ಟು ಕಡಿಮೆ ಮುಟ್ಟಬೇಕು. ಉತ್ತರ ಅಮೆರಿಕದಲ್ಲಿ ನೆಲೆಸಿರುವ ನಮ್ಮವರಿಗೂ, ಸ್ನೇಹಿತರ ಮನೆಯ ಜಿಂಕೆ ಮಾಂಸದೂಟಕ್ಕೆ ಕುಳಿತಾಗ, ಈ ಸೂಚನೆಗಳು ಅನ್ವಯಿಸುತ್ತವೆ.

ನಾರ್ವೆ ಆರಿಸಿಕೊಂಡ ದಾರಿ

ವಿಸ್ಕಾನ್ಸಿನ್‌ನಲ್ಲಿ 2002ರಲ್ಲಿ ರೋಗ ಪತ್ತೆಯಾದಾಗ ಅಲ್ಲಿನ ಸರ್ಕಾರ ಜಿಂಕೆಗಳ ಸಂಖ್ಯೆಯನ್ನು ಗಣನೀಯವಾಗಿ ತಗ್ಗಿಸಲು ಹೊರಟಿತು. ಆದರೆ ಬೇಟೆಗಾರರು ಮತ್ತು ಭೂಮಾಲೀಕರ ವಿರೋಧದಿಂದ ಕೆಲವೇ ವರ್ಷಗಳಲ್ಲಿ ಹಿಂದೆ ಸರಿಯಿತು. ರೋಗ ಬೇರೂರಿತು. ನ್ಯೂಯಾರ್ಕ್ ರಾಜ್ಯದಲ್ಲಿ 2005ರಲ್ಲಿ ಸೋಂಕು ಕಂಡ ಕೂಡಲೇ ತ್ವರಿತ ಕ್ರಮ ಜರುಗಿತು. ಮುಂದಿನ ಹತ್ತು ವರ್ಷಗಳ ತಪಾಸಣೆಯಲ್ಲಿ ಅಲ್ಲಿನ ಕಾಡುಜಿಂಕೆಗಳಲ್ಲಿ ಹೊಸ ಪ್ರಕರಣ ಕಾಣಲಿಲ್ಲ.

ಈ ಅನುಭವಗಳು ನಾರ್ವೆಯ ಮುಂದಿದ್ದವು. ಯೂರೋಪಿನಲ್ಲಿ ಕಾಡು ಹಿಮಸಾರಂಗಗಳ ಬಹುಪಾಲು ಉಳಿದಿರುವುದು ಆ ದೇಶದ ಪರ್ವತಗಳಲ್ಲಿ. ಉತ್ತರದ ಸಾಮಿ ಜನಾಂಗದ ಬದುಕು, ಸಂಸ್ಕೃತಿಗಳು ಸಾಕು ಹಿಮಸಾರಂಗಗಳೊಡನೆ ಹೆಣೆದುಕೊಂಡಿವೆ. ಸೋಂಕು ಮಣ್ಣಿನಲ್ಲಿ ಬೇರೂರುವ ಮೊದಲೇ ಕಿತ್ತುಹಾಕಬೇಕೆಂಬ ತಜ್ಞರ ಸಲಹೆಯನ್ನು ಸರ್ಕಾರ ಸ್ವೀಕರಿಸಿತು. ಹಿಂಡನ್ನು ನಿರ್ಮೂಲ ಮಾಡಿ ಆ ಪ್ರದೇಶವನ್ನು ಕನಿಷ್ಠ 5 ವರ್ಷ ಸಾರಂಗರಹಿತವಾಗಿ ಇಡಲು ತೀರ್ಮಾನಿಸಿತು.

ಆದರೂ 2020ರ ಸೆಪ್ಟೆಂಬರ್‌ನಲ್ಲಿ ದಕ್ಷಿಣದ ಹಾರ್ಡಂಗರ್‌ವಿಡ್ಡ ಪ್ರಸ್ಥಭೂಮಿಯಲ್ಲಿ ಬೇಟೆಯಾಡಿದ ಗಂಡು ಸಾರಂಗವೊಂದರಲ್ಲಿ ರೋಗ ಪತ್ತೆಯಾಯಿತು. ಅದು ದೇಶದ ಅತಿ ದೊಡ್ಡ ಕಾಡು ಸಾರಂಗ ನೆಲೆ. ಅಲ್ಲಿ ಹಿಂಡನ್ನು ಪೂರ್ಣವಾಗಿ ಅಳಿಸುವ ಬದಲು ಬೇಟೆಯ ಮೂಲಕ ಸಂಖ್ಯೆ ತಗ್ಗಿಸುವ ದಾರಿ ಹಿಡಿಯಲಾಯಿತು. ಈ ನಡುವೆ ನಾರ್ವೆಯಲ್ಲಿ 2016ರಲ್ಲಿ, ಫಿನ್ಲೆಂಡಿನಲ್ಲಿ 2018ರಲ್ಲಿ, ಸ್ವೀಡನ್ನಿನಲ್ಲಿ 2019ರಲ್ಲಿ ವಯಸ್ಸಾದ ಮೂಸ್‌ಗಳಲ್ಲೂ ಪ್ರಿಯಾನ್ ರೋಗ ಕಂಡಿತು. ಇವುಗಳ ತಳಿ ಉತ್ತರ ಅಮೆರಿಕದ್ದಕ್ಕಿಂತ ಭಿನ್ನವಾಗಿದೆ. ಆದ್ದರಿಂದ ಅಮೆರಿಕದ ಪ್ರಯೋಗಗಳ ಫಲಿತಾಂಶವನ್ನು ಇವುಗಳಿಗೆ ಹಾಗೆಯೇ ಅನ್ವಯಿಸುವಂತಿಲ್ಲ.

ಭಾರತ ಮತ್ತು ಬೆಂಗಳೂರಿನ ನಂಟು

ಭಾರತದ ಜಿಂಕೆ, ಕಡವೆಗಳಲ್ಲಿ ಈ ರೋಗ ವರದಿಯಾಗಿಲ್ಲ. ಬಿಎಸ್ಇ ವಿಷಯದಲ್ಲಿ ಭಾರತವನ್ನು ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯು ನಗಣ್ಯ ಅಪಾಯದ ದೇಶಗಳ ಸಾಲಿಗೆ ಸೇರಿಸಿದೆ.

ಆದರೆ ಪ್ರಿಯಾನ್‌ನ ಗಡಿ ದಾಟುವಿಕೆಯ ಚರ್ಚೆಯಲ್ಲಿ ಒಮ್ಮೆ ಭಾರತದ ಹೆಸರು ಜಾಗತಿಕವಾಗಿ ಕೇಳಿಬಂದಿತ್ತು. 2005ರಲ್ಲಿ ಬ್ರಿಟನ್ನಿನ ಅಲನ್ ಕಾಲ್ಚೆಸ್ಟರ್ ಮತ್ತು ನ್ಯಾನ್ಸಿ ಕಾಲ್ಚೆಸ್ಟರ್ ‘ಲ್ಯಾನ್ಸೆಟ್’ನಲ್ಲಿ ಒಂದು ವಾದ ಮಂಡಿಸಿದರು. ಭಾರತ ಉಪಖಂಡದಿಂದ ಬ್ರಿಟನ್ನಿಗೆ ಆಮದಾದ ಪ್ರಾಣಿಮೂಳೆಗಳಲ್ಲಿ ನದಿಗೆ ಬಿಟ್ಟ ಮಾನವ ಅವಶೇಷಗಳೂ ಬೆರೆತಿದ್ದವು. ಅವುಗಳಲ್ಲಿದ್ದ ಸಿಜೆಡಿ ಪ್ರಿಯಾನ್ ಹಸುಗಳಿಗೆ ದಾಟಿ ಹುಚ್ಚು ಹಸು ರೋಗ ಹುಟ್ಟಿರಬಹುದು ಎಂಬುದು ಅವರ ಊಹೆ. ಅದೇ ಸಂಚಿಕೆಯಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರಾದ ಎಸ್.ಕೆ. ಶಂಕರ್ ಮತ್ತು ಪಿ. ಸತೀಶ್ಚಂದ್ರ ಅವರು ಇದಕ್ಕೆ ಪ್ರತಿಕ್ರಿಯೆ ಬರೆದು ಈ ಊಹೆಯ ಆಧಾರಗಳನ್ನು ಪ್ರಶ್ನಿಸಿದರು. ಮನುಷ್ಯರಲ್ಲಿ ತಾನಾಗಿ ಉದ್ಭವಿಸುವ ಸಿಜೆಡಿ ಬಹಳ ವಿರಳ; ಭಾರತದಲ್ಲಿ ವರದಿಯಾದ ಪ್ರಕರಣಗಳೂ ಅಲ್ಪ. ಕಾಲ್ಚೆಸ್ಟರ್ ಅವರ ಊಹೆಗೆ ಆನಂತರವೂ ಪುಷ್ಟಿ ದೊರೆಯಲಿಲ್ಲ.

ಈ ವಿವಾದ ಒಂದು ಸಂಗತಿಯನ್ನು ಮನಗಾಣಿಸಿತು. ಪ್ರಿಯಾನ್ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಊಹೆಯಿಂದಲ್ಲ, ನಿರಂತರ ನಿಗಾ ಮತ್ತು ದಾಖಲೆಯಿಂದಷ್ಟೇ ಉತ್ತರ ಸಾಧ್ಯ. ಜಿಂಕೆ ಹಾಗೂ ಜಿಂಕೆಯ ಉತ್ಪನ್ನಗಳ ಅಂತರರಾಷ್ಟ್ರೀಯ ಸಾಗಣೆಯ ಮೇಲೆ ಕಟ್ಟೆಚ್ಚರ, ಕಾಡಿನಲ್ಲಿ ಅನುಮಾನಾಸ್ಪದವಾಗಿ ಸತ್ತ ಪ್ರಾಣಿಗಳ ಮಿದುಳಿನ ಪರೀಕ್ಷೆ ಇವೆರಡೂ ದುಬಾರಿ ಕೆಲಸಗಳಲ್ಲ. ಬ್ರಿಟನ್ನಿನಲ್ಲಿ ಬೆಕ್ಕು ಸತ್ತ ದಿನದಿಂದ ಸಂಸತ್ತಿನ ಹೇಳಿಕೆಯವರೆಗೆ ಆರು ವರ್ಷಗಳು ಉರುಳಿದ್ದವು. ನಾರ್ವೆಯಲ್ಲಿ ಸಾರಂಗ ಸತ್ತ ದಿನದಿಂದ ಹಿಂಡಿನ ನಿರ್ಮೂಲನೆ ಮುಗಿಯುವವರೆಗೆ ಹಿಡಿದದ್ದು ಎರಡು ವರ್ಷ. ಗಡಿ ದಾಟಿದ ಬಳಿಕ ಸಾಕ್ಷ್ಯ ತಾನಾಗಿ ಸಿಗುತ್ತದೆ. ದಾಟುವ ಮೊದಲೇ ನಿರ್ಧರಿಸಬೇಕಾಗಿರುವುದೇ ಈ ರೋಗ ಒಡ್ಡುವ ಸವಾಲು.

ಪ್ರಮುಖ ಘಟ್ಟಗಳು

1947: ಅಮೆರಿಕದ ಮಿಂಕ್ ಸಾಕಣೆಯಲ್ಲಿ ಪ್ರಿಯಾನ್ ರೋಗ
1966: ಕುರು ರೋಗ ಚಿಂಪಾಂಜಿಗೆ ದಾಟಿದ್ದು ಸಾಬೀತು
1967: ಕೊಲರಾಡೋದ ಜಿಂಕೆಗಳಲ್ಲಿ ಕೃಶತಾ ರೋಗ ಗಮನಕ್ಕೆ
1981: ಕಾಡು ಎಲ್ಕ್‌ನಲ್ಲಿ ರೋಗ ಪತ್ತೆ
1982: ‘ಪ್ರಿಯಾನ್’ ಪದದ ಬಳಕೆ ಆರಂಭ
1986: ಬ್ರಿಟನ್ನಿನಲ್ಲಿ ಹುಚ್ಚು ಹಸು ರೋಗ
1990: ಸಾಕುಬೆಕ್ಕಿನಲ್ಲಿ ರೋಗ
1996: ಮನುಷ್ಯರಿಗೆ ದಾಟಿರುವ ಸಂಭವವನ್ನು ಬ್ರಿಟನ್ ಒಪ್ಪಿದ್ದು
2001: ದಕ್ಷಿಣ ಕೊರಿಯಾದಲ್ಲಿ ಜಿಂಕೆ ಕುಟುಂಬದ ರೋಗ
2016: ನಾರ್ವೆಯ ಹಿಮಸಾರಂಗದಲ್ಲಿ ರೋಗ
2018: ನೋರ್ಡ್‌ಫಿಯೆಲ್ಲ ಹಿಂಡಿನ ನಿರ್ಮೂಲನೆ ಪೂರ್ಣ, ಅಲ್ಜೀರಿಯಾದ ಒಂಟೆಗಳಲ್ಲಿ ಹೊಸ ಪ್ರಿಯಾನ್
2020: ಹಾರ್ಡಂಗರ್‌ವಿಡ್ಡದಲ್ಲಿ ರೋಗ ಪತ್ತೆ